ಒಂಬತ್ತರಿಂದ ಶುರುವಾಗುವ ಹೆಂಡತಿ

ಈ ದೇಶ ನನಗೆ ಕೊಟ್ಟ ಮೊದಲ ನಂಬರ್ ಒಂಬತ್ತರಿಂದ ಶುರುವಾಗುತ್ತಿತ್ತು. ಕೆಲಸ ಮಾಡುವ ಅನುಮತಿ ಇದ್ದವರಿಗೆ ಇಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗುತ್ತದೆ. ಗಂಡನ ವೀಸಾದ ಬಾಲ ಹಿಡಿದು ಬಂದ ಹೆಂಡತಿಗೆ ಆಗ ಆ ಅನುಮತಿ ಇರಲಿಲ್ಲ, ಆದ್ದರಿಂದ ಆ ನಂಬರೂ ಇರಲಿಲ್ಲ. ಆದರೆ ಗಂಡ ವರ್ಷಕ್ಕೊಮ್ಮೆ ತೆರಿಗೆಯ ರಿಟರ್ನ್ ಹಾಕುವಾಗ ಮನೆಯಲ್ಲಿ ಹೆಂಡತಿಯೂ ಒಬ್ಬಳಿದ್ದಾಳೆ ಎಂದು ತೋರಿಸಬೇಕಲ್ಲ, ಅಷ್ಟಕ್ಕೆ ಮಾತ್ರ ಎಂದು ತೆರಿಗೆಯವರು ಬೇರೆ ಒಂದು ನಂಬರ್ ಕೊಡುತ್ತಾರೆ. ಅಂಥವೆಲ್ಲ ಒಂಬತ್ತರಿಂದಲೇ ಶುರು. ನಮ್ಮೂರಿನ ಬೀದಿಗಳಲ್ಲಿ ಆ ಅಂಕಿಯನ್ನು ಯಾರನ್ನು ಹೀಯಾಳಿಸಲು ಬಳಸುತ್ತಾರೆ ಎಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಂ.ಟೆಕ್ ಮಾಡಿದ ಗಂಡಸರೂ ಒಂಬತ್ತು ಅಂದರೆ ಸಾಕು, ಹಿಂದಿನ ಬೆಂಚಿನ ಹುಡುಗರ ಹಾಗೆ ಕಿಸಕ್ಕನೆ ನಗುತ್ತಾರೆ.

ನಾನು ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಆರು ವರ್ಷ ತರ್ಕಶಾಸ್ತ್ರ ಪಾಠ ಮಾಡಿದವಳು. ಎರಡು ಹೇಳಿಕೆಗಳಿಂದ ಮೂರನೆಯದು ಯಾವಾಗ ಹುಟ್ಟುತ್ತದೆ, ಯಾವಾಗ ಹುಟ್ಟುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಮದುವೆಯಾಗಿ ಹ್ಯೂಸ್ಟನ್‌ಗೆ ಬಂದ ಮೇಲೆ ಆ ವಿದ್ಯೆಯನ್ನು ಎಲ್ಲಿಟ್ಟು ಮರೆತೆನೋ ದೇವರಿಗೇ ಗೊತ್ತು. ಇವರು, ಅಂದರೆ ನನ್ನ ಗಂಡ, ಕಾಗದ ತಂದು ಇಲ್ಲಿ ಸೈನ್ ಮಾಡು ಅಂದರೆ ಮಾಡುತ್ತಿದ್ದೆ. ಓದುತ್ತಿರಲಿಲ್ಲ. ಇಲ್ಲಿ ನಾನು ಹಲವರನ್ನು ಹಳಿಯಲಿದ್ದೇನೆ, ಮೊದಲ ಬೈಗುಳ ನನಗೇ ಇರಲಿ.

2008ರಲ್ಲಿ ವ್ಯಾಪಾರ ನೆಲ ಕಚ್ಚುತ್ತಿದೆ ಎಂದು ಸರ್ಕಾರ ಜನರ ಕೈಗೇ ದುಡ್ಡು ಕೊಡಲು ಹೊರಟಿತು. ಜನ ಖರ್ಚು ಮಾಡಲಿ, ಅಂಗಡಿಗಳು ಬದುಕಲಿ ಎಂಬ ಯೋಚನೆ. ಗಂಡನಿಗೆ ಆರುನೂರು ಡಾಲರ್, ಹೆಂಡತಿಗೆ ಆರುನೂರು, ಮಗುವಿಗೆ ಮುನ್ನೂರು. ನಮ್ಮ ಮಗಳು ಇಲ್ಲೇ ಹುಟ್ಟಿದವಳು. ಇನ್ನೂ ಸರಿಯಾಗಿ ಮಾತು ಬಾರದ ಅವಳಿಗೆ ನನಗಿಲ್ಲದ ನಂಬರ್ ಇತ್ತು. ಆದರೆ ಕಾನೂನಿನಲ್ಲಿ ಒಂದು ಕೊಕ್ಕೆ. ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕಿದ್ದು, ಇಬ್ಬರಲ್ಲಿ ಒಬ್ಬರದು ಒಂಬತ್ತರ ನಂಬರ್ ಆಗಿದ್ದರೆ ಇಡೀ ಮನೆಗೆ ಒಂದು ಕಾಸೂ ಇಲ್ಲ. ಗಂಡನದೂ ಹೋಯಿತು, ಮಗುವಿನದೂ ಹೋಯಿತು.

ಆ ಬೇಸಿಗೆಯಲ್ಲಿ ನಾವು ಹ್ಯೂಸ್ಟನ್ ಬಿಟ್ಟು ಡಲ್ಲಾಸ್ ಕಡೆಗೆ, ಯೂಲೆಸ್‌ನ ಒಂದು ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದೆವು. ಬಂದ ತಿಂಗಳಲ್ಲೇ ಇರ್ವಿಂಗ್‌ನಲ್ಲಿ ಇವರ ಕಾಲೇಜಿನ ಗೆಳೆಯನ ಮನೆಯಲ್ಲಿ ಪಾಟ್‌ಲಕ್, ಅಂದರೆ ಮನೆಗೊಂದು ಅಡುಗೆ ಮಾಡಿ ತಂದು ಹಂಚಿ ಉಣ್ಣುವ ಊಟ ಇತ್ತು. ನಾಲ್ಕು ಸಂಸಾರ. ಹೆಂಗಸರೆಲ್ಲ ಅಡುಗೆಮನೆಯಲ್ಲಿ, ಗಂಡಸರೆಲ್ಲ ಸೋಫಾದ ಮೇಲೆ. ಏಳು ಸಮುದ್ರ ದಾಟಿ ಬಂದರೂ ಆ ವ್ಯವಸ್ಥೆ ಮಾತ್ರ ಎಲ್ಲೂ ಕೆಟ್ಟಿರಲಿಲ್ಲ.

"ನಿನಗೆ ಬಂತೇನೋ ಸರ್ಕಾರದ ದುಡ್ಡು?" ಎಂದು ಒಬ್ಬರು ಕೇಳಿದರು.

"ಎಲ್ಲಿ ಬರುತ್ತೆ ಗುರು, ನಮ್ಮನೆಯವಳದು ಒಂಬತ್ತು," ಎಂದು ಆ ಮನೆಯ ಯಜಮಾನ ಅಂದರು.

"ನಮ್ದೂ ಗೋವಿಂದ," ಎಂದರು ಇವರು. "ಸಾವಿರದ ಐನೂರು. ಇವಳೊಬ್ಬಳ ನಂಬರ್‌ನಿಂದ."

ಉಳಿದಿಬ್ಬರದೂ ಅದೇ ಕಥೆ. ಆಗ ಯಾರೋ ಒಬ್ಬ ಮಹಾನುಭಾವ "ಒಂಬತ್ನಾಕ್ಲಿ ಮೂವತ್ತಾರು!" ಎಂದು ಮಗ್ಗಿ ಹೇಳಿದ. ನಾಲ್ವರೂ ಬಿದ್ದು ಬಿದ್ದು ನಕ್ಕರು. ಆ ಮನೆಯ ಗೃಹಿಣಿ ನನ್ನ ಪಕ್ಕದಲ್ಲೇ ನಿಂತು ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತಿದ್ದಳು. ಬೆಂಗಳೂರಿನಲ್ಲಿ ದಂತವೈದ್ಯೆಯಾಗಿದ್ದವಳು. ಅವಳು ತಲೆ ಎತ್ತದೆ, "ಇವರ ಹಲ್ಲು ನೋಡಿದ್ರೆ ನನ್ನ ಕೈ ಕಡಿಯುತ್ತೆ ರೀ," ಎಂದು ಮೆಲ್ಲಗೆ ಹೇಳಿದಳು. ಆ ಒಂದು ಮಾತಿಗೆ ನಾನು ಅವಳ ಸ್ನೇಹಿತೆಯಾದೆ.

ಆಮೇಲೆ ನಮ್ಮ ಮನೆಯಲ್ಲಿ ಆ ಒಂಬತ್ತು ಒಂದು ಮಾತಾಗಿ ಕೂತುಬಿಟ್ಟಿತು. ನಾನು ಏನು ಕೇಳಿದರೂ ಅದೇ ಉತ್ತರ. ಡ್ರೈವಿಂಗ್ ಸ್ಕೂಲಿಗೆ ಸೇರುತ್ತೇನೆ ಅಂದೆ. "ನಿನ್ನ ಒಂಬತ್ತು ಕೈ ಕೊಡದೆ ಇದ್ದಿದ್ರೆ ಆ ದುಡ್ಡಲ್ಲೇ ಸೇರಿಸಬಹುದಿತ್ತು, ನೋಡು." ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಕೋರ್ಸ್ ತೆಗೆದುಕೊಳ್ಳುತ್ತೇನೆ ಅಂದೆ. "ಆ ಸಾವಿರದ ಐನೂರು ಬಂದಿದ್ರೆ ಯೋಚನೆ ಮಾಡಬಹುದಿತ್ತು." ಜೋರಾಗಿ ಹೇಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಪಾಪ, ಏನು ಮಾಡೋದು ಎನ್ನುವ ಮುಖ ಮಾಡಿ ಹೇಳುತ್ತಿದ್ದರು. ಆ ಮುಖಕ್ಕೇ ನಾನು ಸೋತದ್ದು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಮನೆಗೆ ನಷ್ಟ ತಂದವಳು ನಾನು, ಅವರು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದಾರೆ ಎಂದೇ ನಂಬಿ, ಕೇಳುವುದನ್ನೇ ಕಡಿಮೆ ಮಾಡಿದೆ. ಟೆಕ್ಸಾಸ್‌ನಲ್ಲಿ ಕಾರು ಓಡಿಸಲು ಬಾರದವಳು ಅಂದರೆ ಕಾಲಿಲ್ಲದವಳು. ಕೊತ್ತಂಬರಿ ಸೊಪ್ಪಿಗೂ ಶನಿವಾರದವರೆಗೆ ಕಾಯಬೇಕು. ಕೊನೆಗೆ ಆ ದಂತವೈದ್ಯೆಯೇ 2010ರಲ್ಲಿ ಭಾನುವಾರ ಭಾನುವಾರ ತನ್ನ ಹಳೆಯ ಕಾರು ತಂದು ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ ನನಗೆ ಡ್ರೈವ್ ಮಾಡಲು ಕಲಿಸಿದಳು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ನಾನು ಎರಡು ಸಲ ಕಟ್ಟೆ ಹತ್ತಿಸಿದರೂ ಒಂದು ಮಾತೂ ಅನ್ನಲಿಲ್ಲ.

2012ರ ಶುರುವಿನಲ್ಲಿ ನಮ್ಮ ಹಣೆಬರಹ ಬದಲಾಯಿತು. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿದ್ದ ನಮ್ಮಂಥವರ ಸರದಿ ಇದ್ದಕ್ಕಿದ್ದಂತೆ ಮುಂದಕ್ಕೆ ಬಂತು. ಅರ್ಜಿ ಹಾಕಿದವರಿಗೆಲ್ಲ ಮೊದಲು ಕೆಲಸದ ಅನುಮತಿಯ ಕಾರ್ಡ್, ಅದರ ಹಿಂದೆಯೇ ಸೋಶಿಯಲ್ ಸೆಕ್ಯುರಿಟಿ ನಂಬರ್. ನನಗೂ ಬಂತು, ದಂತವೈದ್ಯೆಗೂ ಬಂತು. ಅವಳು ಫೋನ್ ಮಾಡಿ, "ನನ್ನದು ಆರರಿಂದ ಶುರು ರೀ, ಕೊನೆಗೂ ಒಂಬತ್ತು ತಲೆಕೆಳಗಾಯ್ತು," ಎಂದು ನಕ್ಕಳು. ನಾನೂ ನಕ್ಕೆ. ನೀಲಿ ಅಂಚಿನ ಆ ತೆಳು ಕಾಗದವನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಒಂದು ಮಧ್ಯಾಹ್ನವೆಲ್ಲ ಕೂತಿದ್ದೆ, ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂದಿತ್ತು.

ಯೂಲೆಸ್‌ನ ಲೈಬ್ರರಿಯಲ್ಲಿ ತೆರಿಗೆಯ ಕಾಲದಲ್ಲಿ ಕೆಲವು ನಿವೃತ್ತರು ಕೂತು ಬಡವರಿಗೆ, ಮುದುಕರಿಗೆ ಬಿಟ್ಟಿಯಾಗಿ ಫಾರಂ ತುಂಬಿಕೊಡುತ್ತಾರೆ. ಹೊಸ ನಂಬರನ್ನು ರಿಟರ್ನ್‌ನಲ್ಲಿ ಎಲ್ಲಿ ಬದಲಿಸಬೇಕು ಎಂದು ಕೇಳಲು ನಾನು ಅಲ್ಲಿಗೆ ಹೋದೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಹಿಂದಿನ ವರ್ಷಗಳಲ್ಲಿ ಈ ನಂಬರ್ ಇಲ್ಲದ್ದರಿಂದ ಏನಾದರೂ ತಪ್ಪಿಹೋಗಿದೆಯಾ ಎಂದು ವಿಚಾರಿಸಿದರು. ನಾನು ಆ ಸಾವಿರದ ಐನೂರರ ಕಥೆ ಹೇಳಿದೆ. ಅಜ್ಜಿ ಡ್ರಾಯರಿನಿಂದ ಒಂದು ಹಳೆಯ ಪುಸ್ತಿಕೆ ತೆಗೆದು ಬೆರಳಿಟ್ಟು ತೋರಿಸಿದರು. ಆಗ ದುಡ್ಡು ಸಿಗದವರು 2008ರ ರಿಟರ್ನ್‌ನಲ್ಲಿ ಅದನ್ನು ತೆರಿಗೆಯ ಕ್ರೆಡಿಟ್ ಆಗಿ ಕೇಳಬಹುದಿತ್ತು. ಹಾಕಿದ ರಿಟರ್ನನ್ನು ತಿದ್ದಿ ಕಳಿಸಲು ಮೂರು ವರ್ಷ ಕಾಲಾವಕಾಶ, ಈ ಏಪ್ರಿಲ್‌ಗೆ ಅದು ಮುಗಿಯುತ್ತದೆ. "ನಿನ್ನದು ನಿನಗೆ ಬರಬೇಕು, ಕೇಳದಿದ್ದರೆ ಯಾರೂ ತಂದುಕೊಡುವುದಿಲ್ಲ ಮಗಳೇ," ಎಂದು ಅವರ ಭಾಷೆಯಲ್ಲಿ ಹೇಳಿದರು. ಆಗ ಮಾರ್ಚ್ ತಿಂಗಳು.

ಫಾರಂ ತೆಗೆದುಕೊಂಡು ಮನೆಗೆ ಬಂದೆ. ದುಡ್ಡಿನ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನಗೆ ಬೇಕಾಗಿದ್ದು ಬೇರೆ. ನಾಲ್ಕು ವರ್ಷ ಹೊತ್ತ ಆ ಅಪವಾದವನ್ನು ಕಳಚಿ ಮೇಜಿನ ಮೇಲಿಡಬೇಕಿತ್ತು. ತಗೊಳ್ಳಿ ನಿಮ್ಮ ಸಾವಿರದ ಐನೂರು, ಇನ್ನು ಆ ಮಾತು ಈ ಮನೆಯಲ್ಲಿ ಏಳಬಾರದು ಎಂದು ಹೇಳಬೇಕಿತ್ತು. 2008ರದು ಇಬ್ಬರೂ ಸೇರಿ ಹಾಕಿದ ರಿಟರ್ನ್ ಆದ್ದರಿಂದ ತಿದ್ದುಪಡಿಗೂ ಇಬ್ಬರ ಸಹಿ ಬೇಕು. ಇವರು ಆಫೀಸಿನಿಂದ ಬಂದು ಕಾಫಿ ಕುಡಿದ ಮೇಲೆ ಫಾರಂ ಮುಂದಿಟ್ಟೆ.

ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಇವರ ಮುಖ ಹಾಗಲಕಾಯಿ ಕಚ್ಚಿದವರ ಹಾಗಾಯಿತು.

"ಬೇಡ. ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ. ಈಗ ಸರ್ಕಾರದ ದುಡ್ಡಿಗೆ ಕೈ ಹಾಕಿದ್ರೆ ನಮ್ಮನ್ನ ಭಿಕ್ಷುಕರು ಅಂತ ಬರೆದುಕೊಳ್ತಾರೆ."

"ಇದು ಭಿಕ್ಷೆ ಅಲ್ಲ ರೀ, ಕ್ರೆಡಿಟ್. ನೀವು ಕಟ್ಟಿದ ತೆರಿಗೆಯ ಮೇಲೆ ಬರೋದು."

"ನಿನಗೆ ಗೊತ್ತಾಗಲ್ಲ. ಆಫೀಸಲ್ಲಿ ಎಲ್ಲರೂ ಹೇಳ್ತಾರೆ."

ಆಫೀಸಲ್ಲಿ ಎಲ್ಲರೂ! ಲಾಸ್ ಕೊಲಿನಾಸ್‌ನ ಆ ಗಾಜಿನ ಕಟ್ಟಡದಲ್ಲಿ ಇವರ ಜೊತೆ ಊಟದ ಡಬ್ಬಿ ಬಿಚ್ಚುವ ಐದಾರು ಜನ ಇದ್ದರು. ವಲಸೆ ಕಾನೂನು, ತೆರಿಗೆ, ಮಗುವಿನ ಹೊಟ್ಟೆನೋವು, ಯಾವುದನ್ನು ಬೇಕಾದರೂ ಅವರು ಮೊಸರನ್ನ ಕಲಸುತ್ತಾ ತೀರ್ಮಾನ ಮಾಡುತ್ತಿದ್ದರು. ಹಾಳೂರಿಗೆ ಉಳಿದವನೇ ಗೌಡ. ಅವರಲ್ಲಿ ಒಬ್ಬನಂತೂ ಮಗಳಿಗೆ ಸ್ಕೂಲಿನಲ್ಲಿ ಬಿಟ್ಟಿ ಕೊಟ್ಟ ಹಲ್ಲುಜ್ಜುವ ಬ್ರಷ್ಷನ್ನು ಗ್ರೀನ್ ಕಾರ್ಡಿಗೆ ತೊಂದರೆಯಾಗುತ್ತದೆ ಎಂದು ವಾಪಸು ಕಳಿಸಿದ್ದನಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಇಂಥವರು ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾರೆ ಎಂದು ನೆನೆದಾಗಲೆಲ್ಲ ನನಗೆ ನಮ್ಮ ಉಳಿತಾಯದ ಬಗ್ಗೆ ಭಯವಾಗುತ್ತಿತ್ತು.

ನಾನು ಬಿಡಲಿಲ್ಲ. ದಿನಕ್ಕೊಂದು ಸಲ ಕೇಳಿದೆ. ದಿನಕ್ಕೊಂದು ನೆಪ ಬಂತು. ವಕೀಲರನ್ನು ಕೇಳಬೇಕು ಅಂದರು, ಕೇಳಲಿಲ್ಲ. ಮುಂದಿನ ವರ್ಷ ನೋಡೋಣ ಅಂದರು, ಮುಂದಿನ ವರ್ಷಕ್ಕೆ ಗಡುವು ಇರುವುದಿಲ್ಲ ಅಂದೆ. ಹಳೆಯ ಕಾಗದಗಳು ಹ್ಯೂಸ್ಟನ್‌ನಿಂದ ಶಿಫ್ಟ್ ಆಗುವಾಗ ಕಳೆದುಹೋದವು ಅಂದರು. ಫಾರಂ ತುಂಬುವಾಗ 2008ರಲ್ಲಿ ನಿಮಗೆ ಆಗಲೇ ಬಂದಿರುವ ಹಣ ಎಷ್ಟು ಎಂದು ಕೇಳುವ ಒಂದು ಸಾಲಿದೆ. ನಾನು ಅಲ್ಲಿ ಸೊನ್ನೆ ಬರೆದಿದ್ದೆ. ಆದರೂ ಆ ದುಡ್ಡನ್ನು ನಿರ್ಧರಿಸಿದ್ದು ಅದರ ಹಿಂದಿನ, 2007ರ ರಿಟರ್ನ್ ನೋಡಿ, ಅದರ ನಕಲು ಕೈಯಲ್ಲಿದ್ದರೆ ಒಳ್ಳೆಯದು ಎಂದು ಲೈಬ್ರರಿಯ ಅಜ್ಜಿ ಹೇಳಿದ್ದರು. ಆ ರಿಟರ್ನ್ ಮಾಡಿಕೊಟ್ಟವರು ಹ್ಯೂಸ್ಟನ್‌ನ ಒಬ್ಬ ಹುಬ್ಬಳ್ಳಿ ಅಂಕಲ್. ನಮ್ಮವರ ತೆರಿಗೆ ಕೆಲಸವನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಅವರ ಫೋನ್ ನಂಬರ್ ಕೊಡಿ ಅಂದೆ. ಅವರು ಅಂಗಡಿ ಮುಚ್ಚಿ ಊರಿಗೆ ಹೋಗಿದ್ದಾರೆ ಎಂದರು ಇವರು. ನಾನು ಮಗಳು ಹುಟ್ಟಿದಾಗಿನ ಕಾಗದಗಳ ಫೈಲಿನಲ್ಲಿ ಹುಡುಕಿದೆ, ವಿಸಿಟಿಂಗ್ ಕಾರ್ಡ್ ಸಿಕ್ಕಿತು. ಇವರು ಆಫೀಸಿಗೆ ಹೋದ ಮೇಲೆ ಫೋನ್ ಮಾಡಿದೆ. ಊರಿಗೆ ಹೋಗಿದ್ದ ಅಂಕಲ್ ಎರಡನೇ ರಿಂಗಿಗೇ ಎತ್ತಿದರು.

"ಯಾಕಾಗವಲ್ದ್ರಿ ತಂಗೀ, ನಕಲು ಐತಿ, ಕಳಸ್ತೀನಿ," ಎಂದರು. ಕಂಪ್ಯೂಟರಿನಲ್ಲಿ ಹುಡುಕುತ್ತಾ, "ಹಾಂ, ಸಿಕ್ತ್ ನೋಡ್ರಿ. ಆ ವರ್ಷ ನಿಮ್ಮ ಯಜಮಾನ್ರದು ಬ್ಯಾರೇನ ಫೈಲ್ ಮಾಡೀನ್ರಿ. ಇಬ್ಬರದೂ ಕೂಡಿ ಹಾಕಿದ್ರ ಯಾರಿಗೂ ರೊಕ್ಕ ಬರಾಂಗಿಲ್ಲ, ನಿಮ್ಮೊಬ್ರದ ಹಾಕೋಣ್ರಿ ಅಂತ ನಾನ ಹೇಳಿದ್ದೆ. ಆರುನೂರು ಅವರದು, ಮುನ್ನೂರು ಕೂಸಿಂದು. ಬಂದೈತಿ ಅಂತ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ರಲ್ಲ!"

ಆರುನೂರು, ಮುನ್ನೂರು ಎಂದು ಆ ಕಾರ್ಡಿನ ಹಿಂದೆಯೇ ಬರೆದುಕೊಂಡೆ.

"ನಿಮ್ಮದೊಂದ ಉಳದೈತಿ ನೋಡ್ರಿ," ಎಂದರು ಅಂಕಲ್. "ಆರುನೂರು. ಅದನ್ನ ಬಿಡಬ್ಯಾಡ್ರಿ."

ಫೋನ್ ಇಟ್ಟ ಮೇಲೆ ಮೊದಲು ನನಗೆ ಬಂದದ್ದು ಸಿಟ್ಟಲ್ಲ, ನಗು. ನಾಲ್ಕು ವರ್ಷ! ಇರ್ವಿಂಗ್‌ನ ಆ ಸೋಫಾದ ಮೇಲೆ ಕೂತು "ನಮ್ದೂ ಗೋವಿಂದ" ಎಂದಾಗ ಒಂಬೈನೂರು ಡಾಲರ್ ಇವರ ಖಾತೆಯಲ್ಲಿ ಬೆಚ್ಚಗೆ ಮಲಗಿತ್ತು. ಆಮೇಲೆ ಕೂತು ಯೋಚಿಸಿದೆ. ಆ ಬೇಸಿಗೆಯಲ್ಲಿ ಮನೆಗೆ ದೊಡ್ಡ ಟಿವಿ ಬಂದಿತ್ತು. ಪ್ರಾಜೆಕ್ಟ್ ಬೋನಸ್ ಎಂದಿದ್ದರು. ಎಷ್ಟು ಒಳ್ಳೆಯ ಕಂಪನಿ ಎಂದು ನಾನು ಅದರ ಮೇಲೆ ಧೂಳು ಕೂರದಂತೆ ಒರೆಸಿಕೊಂಡು ಬಂದಿದ್ದೆ. ಎಲ್ಲರದೂ ಬಂದಿಲ್ಲ, ಆದ್ದರಿಂದ ನಮ್ಮದೂ ಬಂದಿಲ್ಲ ಎಂದು ಒಪ್ಪಿಕೊಂಡ ತರ್ಕಶಾಸ್ತ್ರದ ಉಪನ್ಯಾಸಕಿಗೆ ಯಾವ ಮಗುವೂ ಪಾಸ್ ಮಾರ್ಕ್ಸ್ ಕೊಡುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆಯವರೆಗೆ ಕಾದೆ. ಇವರು ಅವಲಕ್ಕಿ ತಿನ್ನುತ್ತಿದ್ದರು, ಮಗಳು ಪಕ್ಕದಲ್ಲಿ ಬಣ್ಣ ಹಚ್ಚುತ್ತಿದ್ದಳು. ಫಾರಂ ಇಟ್ಟು ಆ ಸಾಲಿನ ಮೇಲೆ ಬೆರಳಿಟ್ಟೆ.

"ಇಲ್ಲಿ ಎಷ್ಟು ಬರೀಲಿ ರೀ?"

"ಬರೆದಿದ್ದೀಯಲ್ಲ. ಸೊನ್ನೆ." ಒಂದು ಕ್ಷಣ ಬಿಟ್ಟು, "ಯಾಕೆ, ಯಾರಾದ್ರೂ ಫೋನ್ ಮಾಡಿದ್ರಾ?" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವುದು ಇದಕ್ಕೇ. ನಾನಿನ್ನೂ ಕಳ್ಳ ಅಂತಲೂ ಅಂದಿರಲಿಲ್ಲ.

"ಹುಬ್ಬಳ್ಳಿ ಅಂಕಲ್ ಊರಿಂದ ವಾಪಸು ಬಂದಿದ್ದಾರೆ," ಅಂದೆ. "ಒಂಬೈನೂರು ಅಂತ ಬರೀಬೇಕಂತೆ."

ಇವರು ಚಮಚ ಕೆಳಗಿಟ್ಟರು. ಬಾಗಿಲ ಕಡೆ ನೋಡಿದರು, ಮಗಳ ಕಡೆ ನೋಡಿದರು, ಅವಲಕ್ಕಿಯೊಳಗಿನ ಕಡಲೆಬೀಜ ನೋಡಿದರು. ಕೊನೆಗೆ, "ಆ ಸಾಲು ಖಾಲಿ ಬಿಟ್ರೆ ಏನಾಗುತ್ತೆ?" ಎಂದರು.

"ಸರ್ಕಾರಕ್ಕೆ ಗೊತ್ತು. ಅಂಕಲ್‌ಗೆ ಗೊತ್ತು. ನಿಮಗೆ ಗೊತ್ತು. ಗೊತ್ತಿಲ್ಲದೆ ಇದ್ದದ್ದು ನನಗೊಬ್ಬಳಿಗೆ. ಈಗ ನನಗೂ ಗೊತ್ತಾಯ್ತಲ್ಲ, ಖಾಲಿ ಯಾಕೆ ಬಿಡಬೇಕು?"

ಇವರು ಕಡಲೆಬೀಜಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸಿದರು. ದೊಡ್ಡ ಕಾರಣ ಏನಾದರೂ ಇರಬಹುದು ಎಂದು ನಾನು ಒಳಗೊಳಗೇ ಹಾರೈಸುತ್ತಿದ್ದೆ. ಯಾರಿಗೋ ಸಾಲ ತೀರಿಸಬೇಕಿತ್ತು, ಯಾರಿಗೋ ಆಪರೇಶನ್ ಆಗಬೇಕಿತ್ತು, ಏನಾದರೂ. ಸಿನಿಮಾದಲ್ಲಾದರೆ ಇರುತ್ತದೆ.

"ಅವತ್ತು ಎಲ್ಲರೂ ಬಂದಿಲ್ಲ ಅಂದ್ರು. ನನಗೆ ಬಂದಿದೆ ಅಂದ್ರೆ ಪಾರ್ಟಿ ಕೊಡಿಸು ಅಂತಿದ್ರು. ಅದಕ್ಕೆ ನಾನೂ ಬಂದಿಲ್ಲ ಅಂದೆ. ನೀನು ಕೇಳಿಸ್ಕೊಂಡೆ. ಆಮೇಲೆ ಹೇಳೋಕಾಗಲಿಲ್ಲ."

"ನಾಲ್ಕು ವರ್ಷ?"

"ನೀನು ಏನಾದ್ರೂ ಕೇಳಿದಾಗ..." ಎಂದು ನಿಲ್ಲಿಸಿದರು. "ಬೇಡ ಅನ್ನೋದಕ್ಕೆ ಸುಲಭ ಆಗ್ತಿತ್ತು."

ಅಷ್ಟೇ. ಬೇಡ ಅನ್ನೋದಕ್ಕೆ ಸುಲಭ. ನನಗೆ ಆ ಕ್ಷಣಕ್ಕೆ ಇವರನ್ನು ಕಂಡು ದ್ವೇಷವೂ ಹುಟ್ಟಲಿಲ್ಲ, ಅದಕ್ಕಿಂತ ಕೆಟ್ಟದ್ದು ಹುಟ್ಟಿತು. ಇಷ್ಟು ಚಿಕ್ಕ ಮನುಷ್ಯನ ಮಾತಿಗೆ ನಾನು ಇಷ್ಟು ವರ್ಷ ತಲೆ ತಗ್ಗಿಸಿಕೊಂಡಿದ್ದೆನಾ ಎಂದು ಅಸಹ್ಯವಾಯಿತು. ಕನ್ನಡ ಪೂರ್ತಿ ಅರ್ಥವಾಗುವ, ಆದರೆ ಬಾಯಲ್ಲಿ ಇಂಗ್ಲಿಷ್ ಮಾತ್ರ ಬರುವ ನನ್ನ ಮಗಳು ಬಣ್ಣದ ಕಡ್ಡಿ ಕೆಳಗಿಟ್ಟು, "ವೇಟ್, ಥ್ರೀ ಹಂಡ್ರೆಡ್ ವಾಸ್ ಮೈನ್?" ಎಂದು ಕೇಳಿದಳು. ಇವರು ತಟ್ಟೆ ತೆಗೆದುಕೊಂಡು ಸಿಂಕಿನ ಕಡೆ ನಡೆದರು. ಮದುವೆಯಾದಾಗಿನಿಂದ ತಿಂದ ತಟ್ಟೆಯನ್ನು ತಾವೇ ತೊಳೆದದ್ದು ಅದೇ ಮೊದಲು.

ಸೊನ್ನೆ ಹೊಡೆದುಹಾಕಿ ಒಂಬೈನೂರು ಬರೆದೆ. ಸಾವಿರದ ಐನೂರರಲ್ಲಿ ಅದನ್ನು ಕಳೆದರೆ ಉಳಿಯುವುದು ಸರಿಯಾಗಿ ನನ್ನ ಪಾಲು. ಇವರು ಓದದೆ ಸಹಿ ಹಾಕಿದರು. ನಾನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಸಹಿ ಹಾಕಿದೆ. ಸೋಮವಾರ ಪೋಸ್ಟ್ ಮಾಡಿದೆ. ಗಡುವಿಗೆ ಇನ್ನೂ ಮೂರು ವಾರ ಇತ್ತು.

ಈ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹಲ್ಲು ಕಿರಿಯುವವರಿಗೆ ನಾನೇಕೆ ಇನ್ನೊಂದು ಮಗ್ಗಿ ಕೊಡಲಿ ಅನ್ನಿಸಿತು. ಮನೆಯ ಕೊಳಕು ಮನೆಯಲ್ಲಿರಲಿ ಎಂದೂ ಇರಬಹುದು. ಆ ಮೂರು ವಾರಗಳಲ್ಲಿ ದಂತವೈದ್ಯೆ ಎರಡು ಸಲ ಫೋನ್ ಮಾಡಿದ್ದಳು. ಆಗ ಅವರು ಇರ್ವಿಂಗ್ ಬಿಟ್ಟು ಆಸ್ಟಿನ್‌ಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಏನ್ ಸಮಾಚಾರ ರೀ ಅಂದಳು. ಏನಿಲ್ಲ, ನೀವು ಹೇಳಿ ಅಂದೆ.

ಚೆಕ್ ಬಂದದ್ದು ಜುಲೈನಲ್ಲಿ. ಅದರ ಮೇಲೆ ಇಬ್ಬರ ಹೆಸರೂ ಇತ್ತು. ನನ್ನ ಪಾಲು ನನ್ನ ಕೈಗೆ ಬರಬೇಕಾದರೂ ಹಿಂದುಗಡೆ ಇವರ ಸಹಿ ಬೇಕೆಂದು ಬ್ಯಾಂಕಿನವರು ಹೇಳಿದರು. ಇವರು ತಕರಾರಿಲ್ಲದೆ ಹಾಕಿಕೊಟ್ಟರು. ಅವಲಕ್ಕಿಯ ಆ ಬೆಳಿಗ್ಗೆಯಿಂದ ಇವರು ಯಾವುದಕ್ಕೂ ಬೇಡ ಅಂದಿರಲಿಲ್ಲ. ಅದರಿಂದ ನನಗೆ ಸಂತೋಷವಾಯಿತು ಎಂದೇನಿಲ್ಲ. ಇವರು ಎದುರು ಬಂದರೆ ನಾನು ನೋಡುತ್ತಿದ್ದ ರೀತಿಗೆ ಹೆದರಿ ಆ ಕಡೆ ಹೋಗುತ್ತಿದ್ದರು, ಅಷ್ಟೇ.

ಅದೇ ತಿಂಗಳು ಆಸ್ಟಿನ್‌ನಲ್ಲಿ ದಂತವೈದ್ಯೆಯ ಹೊಸ ಮನೆಯ ಗೃಹಪ್ರವೇಶ. ಹಳೆಯ ನಾಲ್ಕು ಸಂಸಾರಗಳೂ ಸೇರಿದ್ದವು. ಹೊಸ ಕಾರ್ಪೆಟ್ ವಾಸನೆಯ ನಡುಮನೆಯಲ್ಲಿ ಪೇಪರ್ ತಟ್ಟೆಗಳಲ್ಲಿ ಊಟ. ಈ ಸಲ ಎಲ್ಲರೂ ಒಟ್ಟಿಗೇ ನೆಲದ ಮೇಲೆ ಕೂತಿದ್ದೆವು, ಸೋಫಾ ಇನ್ನೂ ಬಂದಿರಲಿಲ್ಲ. ಮಾತು ಎಲ್ಲೆಲ್ಲೋ ಸುತ್ತಿ ತೆರಿಗೆಗೆ ಬಂತು. ಆಗ ಇವರಿಗೆ ಏನು ಸ್ಫೂರ್ತಿ ಬಂತೋ, ಗಂಟಲು ಸರಿಮಾಡಿಕೊಂಡು ಹೇಳಿದರು: "ನಮ್ಮವಳು ಆ ಹಳೇ ಒಂಬತ್ತರ ದುಡ್ಡು ವಸೂಲಿ ಮಾಡಿಬಿಟ್ಟಳು ಕಣ್ರೋ. ಆರುನೂರು. ಅದನ್ನ ನೀನೇ ಇಟ್ಕೋ ಅಂತ ಪೂರ್ತಿ ಅವಳಿಗೇ ಕೊಟ್ಟುಬಿಟ್ಟೆ."

"ಎಂಥ ಗಂಡ ರೀ ನಿಮಗೆ!" ಎಂದು ಒಬ್ಬಾಕೆ ನನ್ನ ಭುಜ ತಟ್ಟಿದಳು.

ನಾಚಿಕೆಗೆಟ್ಟ ಔದಾರ್ಯ ಎಂದರೆ ಇದು. ನನಗೆ ತಡೆಯಲಾಗಲಿಲ್ಲ. "ಉಳಿದ ಒಂಬೈನೂರು ಇವರಿಗೆ 2008ರಲ್ಲೇ ಬಂದಿತ್ತು," ಅಂದೆ. "ಸೋಫಾದ ಮೇಲೆ ಕೂತು ಗೋವಿಂದ ಅಂದಾಗ ದುಡ್ಡು ಬ್ಯಾಂಕಿನಲ್ಲಿತ್ತು. ನಮ್ಮ ಟಿವಿ ನೋಡಿದ್ದೀರಲ್ಲ, ಅದೇ."

ಇವರು ತಟ್ಟೆಯ ಮೇಲೆ ಬಗ್ಗಿದರು. ಹೆಂಗಸರು ಒಬ್ಬೊಬ್ಬರೇ ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿದರು. ಎಷ್ಟು ವರ್ಷಗಳಿಂದ ಕಾದಿದ್ದ ಗಳಿಗೆ ಅದು, ನಾನು ನಾಚದೆ ಅದರ ರುಚಿ ನೋಡಿದೆ.

ದಂತವೈದ್ಯೆ ಹುಳಿಯ ಪಾತ್ರೆ ಹಿಡಿದು ನಿಂತಿದ್ದಳು. "ರೀ, ನಮ್ಮದೂ ಬಂದಿತ್ತಾ?" ಎಂದು ಗಂಡನನ್ನು ಕೇಳಿದಳು.

"ನಿನ್ನಾಣೆ ಇಲ್ಲ ಕಣೇ. ನಾವು ಒಟ್ಟಿಗೇ ಫೈಲ್ ಮಾಡಿದ್ವಿ, ನೀನೇ ಪಕ್ಕದಲ್ಲಿ ಕೂತಿದ್ದೆಯಲ್ಲ. ಒಂದು ಪೈಸೆನೂ ಬರಲಿಲ್ಲ," ಎಂದರು ಆತ. ಆತನ ಮುಖ ನೋಡಿದರೆ ನಿಜ ಹೇಳುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ಅವರದು ಇಬ್ಬರು ಮಕ್ಕಳ ಮನೆ, ಅಂದರೆ ಸಾವಿರದ ಎಂಟುನೂರು.

ಅವಳು ಪಾತ್ರೆಯನ್ನು ಕೆಳಗಿಟ್ಟು ನನ್ನ ಹತ್ತಿರ ಕೂತಳು. "ಹಾಗಾದ್ರೆ ನಾವೂ ಪೂರ್ತಿ ಕೇಳಬಹುದಲ್ವಾ? ಫಾರಂ ಯಾವುದು ರೀ?"

"ಗಡುವು ಮುಗಿದುಹೋಯ್ತು," ಅಂದೆ.

"ಯಾವಾಗ?"

"ಏಪ್ರಿಲ್‌ನಲ್ಲಿ."

"ನಿಮಗೆ ಗೊತ್ತಾಗಿದ್ದು ಯಾವಾಗ?"

ಸುಳ್ಳು ಹೇಳಬಹುದಿತ್ತು. ಎಷ್ಟು ಸುಲಭ ಎಂದು ಆಗ ನನಗೂ ಕಂಡಿತು.

"ಮಾರ್ಚ್‌ನಲ್ಲಿ," ಅಂದೆ.

ಅವಳು ಸೆರಗು ಸರಿಮಾಡಿಕೊಂಡು ನನ್ನನ್ನು ಒಮ್ಮೆ ನೋಡಿ ಎದ್ದು ಬೇರೆಯವರಿಗೆ ಬಡಿಸಲು ಹೋದಳು. ಆ ನೋಟ ನನಗೆ ಹೊಸದಾಗಿರಲಿಲ್ಲ. ನಾಲ್ಕು ತಿಂಗಳಿಂದ ನಾನು ಗಂಡನನ್ನು ನೋಡುತ್ತಿದ್ದದ್ದು ಹಾಗೆಯೇ.